ಎಚ್‌ಐವಿ ಸೋಂಕಿತರಲ್ಲಿ ಕರುಳಿನ ಹುಳುಬಾಧೆ

ದೇಹದ ರೋಗನಿರೋಧಕ ಶಕ್ತಿಯನ್ನು ಕ್ರಮೇಣ ಕುಂದಿಸುವ ಎಚ್‌ಐವಿ ವೈರಾಣು ಮೈಯಲ್ಲಿರುವಾಗಲೇ ಅದೇ ವ್ಯಕ್ತಿಯ ಕರುಳಿನಲ್ಲಿ ಒಂದು ಅಥವಾ ಹಲವು ಬಗೆಯ ಪರೋಪಜೀವಿ ಹುಳುಗಳು ನೆಲೆಗೊಂಡಿರುವ ಸ್ಥಿತಿಯನ್ನು ಎಚ್‌ಐವಿ ಸೋಂಕಿತರ ಕರುಳಿನ ಹುಳುಬಾಧೆ ಎನ್ನುತ್ತಾರೆ. ಇವು ಒಂದರಿಂದ ಇನ್ನೊಂದು ಹುಟ್ಟುವ ರೋಗಗಳಲ್ಲ. ವೈರಾಣು ರಕ್ತ ಹಾಗೂ ಲೈಂಗಿಕ ಸಂಪರ್ಕದಿಂದ ಮತ್ತು ತಾಯಿಯಿಂದ ಮಗುವಿಗೆ ದಾಟಿದರೆ, ಹುಳು ಮಲದಿಂದ ಕೆಟ್ಟ ಮಣ್ಣು, ನೀರು ಮತ್ತು ಆಹಾರದ ಮೂಲಕ ಬರುತ್ತದೆ. ಆದರೆ ಎರಡೂ ಬಡತನದ ಜಾಡನ್ನೇ ಹಿಡಿದು ಹರಡುವುದರಿಂದ ಒಂದೇ ಮೈಯಲ್ಲಿ ಕೂಡುವುದು ಅಪರೂಪವಲ್ಲ, ಮತ್ತು ಕೂಡಿದಾಗ ಒಂದರ ಲಕ್ಷಣವನ್ನು ಇನ್ನೊಂದರದೆಂದು ತಿಳಿಯುವ ಸಂಭವ ಹೆಚ್ಚು.

ಪದ ಮತ್ತು ವ್ಯಾಪ್ತಿ

ಕನ್ನಡದ ಆಡುಮಾತಿನಲ್ಲಿ ‘ಜಂತು’ ಅಥವಾ ‘ಜಂತುಹುಳು’ ಎಂಬ ಒಂದೇ ಮಾತು ಕರುಳಿನ ಎಲ್ಲ ಹುಳುಗಳಿಗೂ ಸಲ್ಲುತ್ತದೆ. ಮಗು ಹಲ್ಲು ಕಡಿದರೂ, ಊಟ ಬಿಟ್ಟರೂ, ಹೊಟ್ಟೆ ಉಬ್ಬಿದರೂ ‘ಹೊಟ್ಟ್ಯಾಗ ಜಂತು ಆಗ್ಯಾವ’ ಎನ್ನುವುದು ಹರಪನಹಳ್ಳಿ, ಕೂಡ್ಲಿಗಿ ಕಡೆಯ ಮನೆಮಾತು. ಶಾಸ್ತ್ರೀಯ ಬಳಕೆಯಲ್ಲಿ ಈ ಪದವನ್ನು ಬರಿಗಣ್ಣಿಗೆ ಕಾಣುವ ಅಥವಾ ಕಾಣುವಷ್ಟರ ಮಟ್ಟಿಗೆ ಬೆಳೆಯುವ ಬಹುಕೋಶೀಯ ಹುಳುಗಳಿಗೆ ಮಾತ್ರ ಮೀಸಲಿಡಬೇಕು. ಅಮೀಬಾ, ಜಿಯಾರ್ಡಿಯಾ, ಕ್ರಿಪ್ಟೋಸ್ಪೋರಿಡಿಯಂ, ಸಿಸ್ಟೋಐಸೋಸ್ಪೋರಾ ಮೊದಲಾದವು ಏಕಕೋಶ ಪರೋಪಜೀವಿಗಳು; ಇವು ಹುಳುಗಳಲ್ಲ, ಜಂತುಹುಳುವಿನ ಒಂದು ಗುಳಿಗೆಗೆ ಜಗ್ಗುವುದೂ ಇಲ್ಲ. ಈ ಭೇದ ಬರಿಯ ವರ್ಗೀಕರಣದ ಮಾತಲ್ಲ ಎಂಬುದು ಮುಂದೆ ಲಕ್ಷಣಗಳ ವಿವರಣೆಯಲ್ಲಿ ಸ್ಪಷ್ಟವಾಗುತ್ತದೆ.

ಬಳ್ಳಾರಿ ಸೀಮೆಯ ಹಿರಿಯರ ನೆನಪಿನಲ್ಲಿರುವ ನಾರುಹುಣ್ಣು ಕೂಡ ಹುಳುವಿನಿಂದಲೇ ಬರುವ ರೋಗ. ಮೆಟ್ಟಿಲುಬಾವಿಗೆ ಇಳಿದು ತುಂಬಿಕೊಂಡ ನೀರಿನಿಂದ ಒಳಸೇರಿ ಕಾಲಿನ ಚರ್ಮವನ್ನು ಒಡೆದು ಹೊರಬರುವ ಆ ಹುಳು ಕರುಳಿನಲ್ಲಿ ನೆಲೆಸದ ಕಾರಣ ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ. ಭಾರತ ಅದರಿಂದ ಮುಕ್ತವೆಂದು 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಇತಿಹಾಸ

ಹುಳುಬಾಧೆಯ ಅಧ್ಯಯನ ಎಚ್‌ಐವಿಗಿಂತ ಬಹಳ ಹಳೆಯದು. ಬಳ್ಳಾರಿ ಪ್ರದೇಶವು ಮದರಾಸು ಪ್ರಾಂತ್ಯದಲ್ಲಿದ್ದ 1920ರ ದಶಕದಲ್ಲಿ ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯಲ್ಲಿದ್ದ ಆಸಾ ಚಾಂಡ್ಲರ್ ಎಂಬ ಪರೋಪಜೀವಿ ತಜ್ಞ ಭಾರತದ ಬೇರೆ ಬೇರೆ ಸೀಮೆಗಳ ಕೊಕ್ಕೆಹುಳುವಿನ ಹರಹನ್ನು ಮಳೆ, ಮಣ್ಣು ಮತ್ತು ಮಲವಿಸರ್ಜನೆಯ ರೂಢಿಗಳೊಂದಿಗೆ ಹೋಲಿಸಿ ವಿವರಿಸಿದನು. ಮಳೆ ಹೆಚ್ಚಿರುವ, ನೆರಳಿರುವ, ತೇವ ಆರದ ನೆಲದಲ್ಲಿ ಈ ಹುಳು ಬೇರೂರುತ್ತದೆ, ಒಣಭೂಮಿಯಲ್ಲಿ ಕುಗ್ಗುತ್ತದೆ ಎಂಬ ಆ ಕಾಲದ ತಿಳಿವಳಿಕೆ ಇಂದಿಗೂ ಉಳಿದಿದೆ.

ಏಡ್ಸ್ ಎಂಬ ರೋಗಸ್ಥಿತಿ 1981ರಲ್ಲಿ ಅಮೆರಿಕದಲ್ಲಿ ಗುರುತಾಗಿ, ಅದಕ್ಕೆ ಕಾರಣವಾದ ವೈರಾಣು 1983ರಲ್ಲಿ ಪತ್ತೆಯಾಯಿತು. ಭಾರತದಲ್ಲಿ ಮೊದಲ ಸೋಂಕುಗಳನ್ನು 1986ರಲ್ಲಿ ಚೆನ್ನೈಯಲ್ಲಿ ವೈದ್ಯೆ ಸುನೀತಿ ಸಾಲೊಮನ್ ಅವರ ತಂಡ ಗುರುತಿಸಿತು. ಪ್ರತಿರೋಧ ಶಕ್ತಿ ಕುಂದಿದವರಲ್ಲಿ ಹುಳುಗಳು ವಿಪರೀತವಾಗಿ ಹಬ್ಬಬಹುದು ಎಂಬುದು ಆರಂಭದ ಊಹೆ. ಹಾಗಾಗಿಯೇ ಸ್ಟ್ರಾಂಗಿಲಾಯ್ಡಿಸ್ ಎಂಬ ಹುಳು ಕರುಳು ದಾಟಿ ದೇಹದಲ್ಲೆಲ್ಲ ಹರಡುವುದನ್ನು ಮೊದಲು ಏಡ್ಸ್ ಸೂಚಕ ರೋಗಗಳ ಪಟ್ಟಿಯಲ್ಲಿ ಸೇರಿಸಲಾಗಿತ್ತು. ನಿರೀಕ್ಷಿಸಿದಷ್ಟು ಪ್ರಕರಣಗಳು ಕಾಣದ್ದರಿಂದ 1987ರ ಪರಿಷ್ಕರಣೆಯಲ್ಲಿ ಅದನ್ನು ಕೈಬಿಡಲಾಯಿತು.

ಎರಡನೆಯ ಊಹೆ ಇದಕ್ಕೆ ವಿರುದ್ಧ ದಿಕ್ಕಿನದು. ಇಥಿಯೋಪಿಯಾದಿಂದ ಇಸ್ರೇಲಿಗೆ ಬಂದ ವಲಸಿಗರನ್ನು ಪರೀಕ್ಷಿಸಿದ್ದ ಪ್ರತಿರೋಧಶಾಸ್ತ್ರಜ್ಞ ಜ್ವಿ ಬೆಂಟ್‌ವಿಚ್ ಮತ್ತು ಸಂಗಡಿಗರು, ಹುಳುಗಳ ದೀರ್ಘವಾಸದಿಂದ ದೇಹದ ಪ್ರತಿರೋಧ ವ್ಯವಸ್ಥೆ ಸದಾ ಕೆರಳಿದ ಸ್ಥಿತಿಯಲ್ಲಿರುವುದೇ ಆಫ್ರಿಕದಲ್ಲಿ ಏಡ್ಸ್ ಬೇಗ ಬಲಿಯಲು ಕಾರಣವಿರಬಹುದೆಂದು 1995ರಲ್ಲಿ ವಾದಿಸಿದರು. ವೈರಾಣುವು ಹುಳುವಿಗೆ ನೆರವಾಗುತ್ತದೆಯೇ, ಹುಳು ವೈರಾಣುವಿಗೆ ನೆರವಾಗುತ್ತದೆಯೇ ಎಂಬ ಈ ಪ್ರಶ್ನೆಯ ಸುತ್ತಲೇ ಮುಂದಿನ ಎರಡು ದಶಕಗಳ ಸಂಶೋಧನೆ ನಡೆಯಿತು.

ಹುಳುಗಳ ಬಗೆಗಳು

ಮಣ್ಣಿನ ಮೂಲಕ ಹರಡುವ ದುಂಡುಹುಳು, ಚಾಟಿಹುಳು ಮತ್ತು ಕೊಕ್ಕೆಹುಳು ಮುಖ್ಯವಾದವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಸುಮಾರು 150 ಕೋಟಿ ಜನರಲ್ಲಿ ಇವುಗಳಲ್ಲೊಂದಾದರೂ ಇದೆ.

ದುಂಡುಹುಳುವಿನ ಹೆಣ್ಣು 20ರಿಂದ 35 ಸೆಂಟಿಮೀಟರ್ ಉದ್ದ ಬೆಳೆದು ದಿನಕ್ಕೆ ಎರಡು ಲಕ್ಷದಷ್ಟು ಮೊಟ್ಟೆಗಳನ್ನು ಇಡಬಲ್ಲದು. ಮಲದೊಡನೆ ಹೊರಬಿದ್ದ ಮೊಟ್ಟೆ ಕೂಡಲೇ ಸೋಂಕು ತರುವುದಿಲ್ಲ. ಮಣ್ಣಿನಲ್ಲಿ ಎರಡು ಮೂರು ವಾರ ಮಾಗಿದ ಬಳಿಕ ಬಾಯಿಯ ಮೂಲಕ ಒಳಹೋದರೆ ಮರಿ ಕರುಳನ್ನು ಕೊರೆದು, ರಕ್ತದ ಮೂಲಕ ಶ್ವಾಸಕೋಶ ಸೇರಿ, ಕೆಮ್ಮಿನೊಡನೆ ಗಂಟಲಿಗೆ ಏರಿ, ನುಂಗಲ್ಪಟ್ಟು ಮರಳಿ ಕರುಳಿಗೆ ಬಂದು ಬಲಿಯುತ್ತದೆ. ಮೊಟ್ಟೆಯ ಹೊರಪದರ ಅಂಟಂಟಾಗಿರುವುದರಿಂದ ಸೊಪ್ಪು, ತರಕಾರಿ ಮತ್ತು ಉಗುರಿನ ಸಂದಿಗಳಿಗೆ ಅದು ಸುಲಭವಾಗಿ ಮೆತ್ತಿಕೊಳ್ಳುತ್ತದೆ. ಜೋಳದ ರೊಟ್ಟಿಯೊಡನೆ ಹಸಿ ಉಳ್ಳಾಗಡ್ಡಿ, ಮೆಂತ್ಯ, ಹಕ್ಕರಕಿ ಸೊಪ್ಪುಗಳನ್ನು ಬೇಯಿಸದೆ ತಿನ್ನುವ ಸೀಮೆಯಲ್ಲಿ ಈ ಗುಣ ಲಕ್ಷಿಸಬೇಕಾದದ್ದು. ನೀರಿಗೆ ಉಪ್ಪು ಹಾಕಿ ಅದ್ದಿ ತೆಗೆಯುವುದರಿಂದ ಮೊಟ್ಟೆ ಸಾಯುವುದಿಲ್ಲ, ಹರಿಯುವ ನೀರಿನಲ್ಲಿ ಎಸಳೆಸಳಾಗಿ ಉಜ್ಜಿ ತೊಳೆದರೆ ಬಹುಪಾಲು ಕಳಚಿಹೋಗುತ್ತದೆ.

ಕೊಕ್ಕೆಹುಳುವಿನಲ್ಲಿ ನೆಕೇಟರ್ ಮತ್ತು ಆಂಕೈಲೋಸ್ಟೋಮಾ ಎಂಬ ಎರಡು ಜಾತಿಗಳಿವೆ. ಸುಮಾರು ಒಂದು ಸೆಂಟಿಮೀಟರ್ ಉದ್ದದ ಈ ಹುಳು ಕರುಳಿನ ಒಳಪದರವನ್ನು ಕಚ್ಚಿ ಹಿಡಿದು ರಕ್ತ ಹೀರುತ್ತದೆ. ನೆಕೇಟರ್ ದಿನಕ್ಕೆ ಸುಮಾರು 0.03 ಮಿಲಿಲೀಟರ್, ಆಂಕೈಲೋಸ್ಟೋಮಾ ಅದರ ಐದಾರು ಪಟ್ಟು ರಕ್ತವನ್ನು ಕಳೆಯುತ್ತವೆ. ಒಂದು ಹುಳುವಿನ ಲೆಕ್ಕಕ್ಕೆ ಇದು ಏನೂ ಅಲ್ಲ, ನೂರಾರು ಹುಳುಗಳು ವರ್ಷಗಟ್ಟಲೆ ಇದ್ದರೆ ರಕ್ತಹೀನತೆ ಖಚಿತ. ಇದರ ಮರಿ ಮುಖ್ಯವಾಗಿ ಬಾಯಿಯಿಂದಲ್ಲ, ಬರಿಗಾಲಿನ ಚರ್ಮದ ಮೂಲಕ ಒಳಸೇರುತ್ತದೆ. ಕಾಲ್ಬೆರಳ ಸಂದಿಯಲ್ಲಿ ಕೆಲವು ದಿನ ಕಾಡುವ ತುರಿಯೇ ಅದು ಹೊಕ್ಕ ಗುರುತು.

ಚಾಟಿಹುಳು ದೊಡ್ಡಕರುಳಿನ ಆರಂಭದಲ್ಲಿ ತನ್ನ ತೆಳುವಾದ ಮುಂಭಾಗವನ್ನು ಪದರದೊಳಗೆ ಹೊಲಿದಂತೆ ತೂರಿಸಿಕೊಂಡಿರುತ್ತದೆ. ಇವಲ್ಲದೆ ಲಾಡಿಹುಳುಗಳೂ ಉಂಟು. ಇವುಗಳಲ್ಲಿ ಅತಿ ಚಿಕ್ಕದಾದ ಕುಬ್ಜ ಲಾಡಿಹುಳು ಒಬ್ಬರ ಕರುಳಿನಲ್ಲೇ ಮರಿಮಾಡಿ ಸಂಖ್ಯೆ ಹೆಚ್ಚಿಸಿಕೊಳ್ಳಬಲ್ಲದು. ಹಂದಿಯ ಲಾಡಿಹುಳುವಿನ ಮೊಟ್ಟೆ ಹೊಟ್ಟೆ ಸೇರಿದರೆ ಅದರ ಮರಿಕೋಶ ಮೆದುಳಿನಲ್ಲಿ ನೆಲೆಸಿ ಸೆಳೆತ ಉಂಟುಮಾಡಬಹುದು. ಎಚ್‌ಐವಿ ಸೋಂಕಿತರಲ್ಲಿ ಈ ಕೋಶಗಳನ್ನು ಕ್ಷಯದ ಗಂಟು ಮತ್ತು ಟಾಕ್ಸೋಪ್ಲಾಸ್ಮಾ ಬಾವುಗಳಿಂದ ಬೇರ್ಪಡಿಸಿ ನೋಡುವುದು ನರರೋಗ ವೈದ್ಯರಿಗೂ ಸುಲಭವಲ್ಲ.

ಸ್ಟ್ರಾಂಗಿಲಾಯ್ಡಿಸ್ ಉಳಿದೆಲ್ಲಕ್ಕಿಂತ ಬೇರೆಯೇ ಸ್ವಭಾವದ್ದು. ಎರಡೇ ಮಿಲಿಮೀಟರಿನಷ್ಟು ಉದ್ದದ ಇದರ ಹೆಣ್ಣು ಗಂಡಿನ ಸಂಗವಿಲ್ಲದೆ ಮೊಟ್ಟೆ ಇಡುತ್ತದೆ. ಮೊಟ್ಟೆ ಕರುಳಿನೊಳಗೇ ಒಡೆಯುವುದರಿಂದ ಮಲದಲ್ಲಿ ಮೊಟ್ಟೆಯ ಬದಲು ಚಲಿಸುವ ಮರಿ ಕಾಣುತ್ತದೆ. ಕೆಲವು ಮರಿಗಳು ಹೊರಗೆ ಹೋಗದೆ ಅದೇ ವ್ಯಕ್ತಿಯ ಕರುಳು ಅಥವಾ ಗುದದ ಚರ್ಮವನ್ನು ತೂರಿ ಮತ್ತೆ ಸುತ್ತು ಹೊಡೆಯುತ್ತವೆ. ಇದನ್ನು ಸ್ವಯಂಸೋಂಕು ಎನ್ನುತ್ತಾರೆ. ಈ ಕಾರಣದಿಂದ ಹೊಸ ಸೋಂಕಿಲ್ಲದೆಯೂ ಅದು ಹತ್ತಾರು ವರ್ಷ ಉಳಿಯಬಲ್ಲದು.

ವೈರಾಣು ಮತ್ತು ಹುಳುಗಳ ಸಂಬಂಧ

ಎಚ್‌ಐವಿ ಮುಖ್ಯವಾಗಿ ಸಿಡಿ4 ಎಂಬ ಬಿಳಿರಕ್ತಕಣಗಳನ್ನು ನಾಶಮಾಡುತ್ತದೆ. ಹುಳುಗಳು ಪ್ರತಿರೋಧ ವ್ಯವಸ್ಥೆಯನ್ನು ಎರಡನೆಯ ಬಗೆಯ ಸಹಾಯಕ ಕಣಗಳ ಕಡೆಗೆ ಎಳೆಯುತ್ತವೆ. ಇಯೊಸಿನೊಫಿಲ್ ಎಂಬ ಬಿಳಿಕಣಗಳು ಮತ್ತು ಒಂದು ಬಗೆಯ ಪ್ರತಿಕಾಯ ಏರುವುದು ಇದರ ಫಲ. ವೈರಾಣುವನ್ನು ಎದುರಿಸಲು ಬೇಕಾದದ್ದು ಮೊದಲನೆಯ ಬಗೆಯ ಪ್ರತಿಕ್ರಿಯೆಯಾದ್ದರಿಂದ, ಹುಳು ತೆಗೆದರೆ ವೈರಾಣುವೂ ತಗ್ಗಬಹುದು ಎಂಬ ನಿರೀಕ್ಷೆ ಹುಟ್ಟಿತು.

ಕೀನ್ಯದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ದುಂಡುಹುಳು ಇದ್ದ ಎಚ್‌ಐವಿ ಸೋಂಕಿತ ವಯಸ್ಕರಿಗೆ ಅಲ್ಬೆಂಡಜೋಲ್ ಎಂಬ ಹುಳುಮದ್ದು ಕೊಟ್ಟಾಗ, ಕೊಡದವರಿಗಿಂತ ಸಿಡಿ4 ಸಂಖ್ಯೆ ಸರಾಸರಿ 109ರಷ್ಟು ಹೆಚ್ಚಾಗಿತ್ತು. ಬೇರೆ ಹುಳುಗಳಲ್ಲಿ ಅಂಥ ಲಾಭ ತೋರಲಿಲ್ಲ. ಅದೇ ದೇಶದಲ್ಲಿ 948 ಜನರನ್ನು ಒಳಗೊಂಡು 2012ರಲ್ಲಿ ವರದಿಯಾದ ದೊಡ್ಡ ಪರೀಕ್ಷೆಯಲ್ಲಿ, ಹುಳು ಇದೆಯೇ ಇಲ್ಲವೇ ನೋಡದೆ ಎಲ್ಲರಿಗೂ ನಿಯತವಾಗಿ ಹುಳುಮದ್ದು ಕೊಟ್ಟರೂ ಎಚ್‌ಐವಿ ರೋಗದ ಮುನ್ನಡೆ ನಿಧಾನವಾಗಲಿಲ್ಲ. ಒಟ್ಟು ಎಂಟು ಪರೀಕ್ಷೆಗಳನ್ನು ಕಲೆಹಾಕಿದ 2016ರ ಕಾಕ್ರೇನ್ ಸಮೀಕ್ಷೆ, ಹುಳು ಇರುವುದು ಖಚಿತವಾದವರಲ್ಲಿ ಅಲ್ಪಾವಧಿಯ ಸಣ್ಣ ಲಾಭ ಇರಬಹುದೆಂದೂ, ಎಲ್ಲರಿಗೂ ಕೊಡುವುದರಿಂದ ಗಣನೀಯ ಪರಿಣಾಮವಿಲ್ಲವೆಂದೂ ಹೇಳಿತು. ಹುಳುಮದ್ದು ಎಚ್‌ಐವಿಯ ಮದ್ದಲ್ಲ ಎಂಬ ಮಾತು ಇಲ್ಲಿಗೆ ಬಹುಮಟ್ಟಿಗೆ ಇತ್ಯರ್ಥವಾದಂತಾಯಿತು. ಹುಳುಬಾಧೆಗೆ ಅದಕ್ಕಾಗಿಯೇ ಚಿಕಿತ್ಸೆ ಬೇಕು ಎಂಬುದು ಇದರಿಂದ ಸುಳ್ಳಾಗುವುದಿಲ್ಲ.

ಸ್ಟ್ರಾಂಗಿಲಾಯ್ಡಿಸ್ ಎಚ್‌ಐವಿಯಲ್ಲಿ ನಿರೀಕ್ಷಿಸಿದಷ್ಟು ಉಲ್ಬಣಿಸದಿರುವುದಕ್ಕೆ 2004ರಲ್ಲಿ ಒಂದು ವಿವರಣೆ ಸಿಕ್ಕಿತು. ಸಿಡಿ4 ಕಡಿಮೆಯಾದಂತೆ ಈ ಹುಳುವಿನ ಮರಿಗಳು ನೇರವಾಗಿ ಸೋಂಕುಮರಿಗಳಾಗುವ ದಾರಿ ಬಿಟ್ಟು, ಹೊರಗಿನ ಮಣ್ಣಿನಲ್ಲಿ ಸ್ವತಂತ್ರವಾಗಿ ಬಾಳುವ ದಾರಿಯನ್ನು ಹೆಚ್ಚಾಗಿ ಹಿಡಿಯುತ್ತವೆ. ಹಾಗಾಗಿ ಸ್ವಯಂಸೋಂಕಿಗೆ ಒದಗುವ ಮರಿಗಳೇ ಕಡಿಮೆ. ಇದರ ನಿಜವಾದ ಅಪಾಯ ಇರುವುದು ಸ್ಟೀರಾಯ್ಡ್‌ಗಳಲ್ಲಿ. ಎಚ್‌ಐವಿ ಸೋಂಕಿತರಿಗೆ ಕ್ಷಯದ ಮೆದುಳುಜ್ವರ, ನ್ಯುಮೋಸಿಸ್ಟಿಸ್ ನ್ಯುಮೋನಿಯಾ ಮೊದಲಾದ ಕಾರಣಕ್ಕೆ ಹೆಚ್ಚಿನ ಪ್ರಮಾಣದಲ್ಲಿ ಸ್ಟೀರಾಯ್ಡ್ ಕೊಡಬೇಕಾದಾಗ ಕರುಳಿನಲ್ಲಿ ಸುಮ್ಮನಿದ್ದ ಹುಳು ಏಕಾಏಕಿ ಮೈತುಂಬ ಹರಡಿ, ಕರುಳಿನ ಬ್ಯಾಕ್ಟೀರಿಯಾಗಳನ್ನೂ ರಕ್ತಕ್ಕೆ ಸಾಗಿಸಿ ಪ್ರಾಣ ತೆಗೆಯಬಹುದು.

ಲಕ್ಷಣಗಳು

ಹೊಟ್ಟೆನೋವು, ಹಸಿವು ಕೆಡುವುದು, ತೂಕ ಇಳಿಯುವುದು, ಆಗಾಗ ಭೇದಿ, ಬಿಳಿಚಿಕೊಂಡ ಕಣ್ಣು ಮತ್ತು ಉಗುರು, ಏದುಸಿರು ಇವು ಹುಳುಬಾಧೆಯ ಸಾಮಾನ್ಯ ಲಕ್ಷಣಗಳು. ತೊಡಕಿರುವುದು ಇಲ್ಲೇ: ಈ ಪಟ್ಟಿಯ ಪ್ರತಿಯೊಂದೂ ಎಚ್‌ಐವಿಯ ಲಕ್ಷಣವೂ ಹೌದು, ಕ್ಷಯದ್ದೂ ಹೌದು, ಕೆಲವು ಔಷಧಗಳ ಅಡ್ಡಪರಿಣಾಮವೂ ಹೌದು. ಎಚ್‌ಐವಿಯ ಹಿಂದಿನ ಚಿಕಿತ್ಸಾಕ್ರಮದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಜಿಡೋವುಡಿನ್ ಎಂಬ ಔಷಧ ಮೂಳೆಮಜ್ಜೆಯನ್ನು ಕುಗ್ಗಿಸಿ ರಕ್ತಹೀನತೆ ತರುತ್ತದೆ. ಕೊಕ್ಕೆಹುಳು ರಕ್ತ ಕಳೆದೂ ಅದನ್ನೇ ತರುತ್ತದೆ. ಸಾಮಾನ್ಯವಾಗಿ ಜಿಡೋವುಡಿನ್‌ನಿಂದ ಬಂದುದರಲ್ಲಿ ಕೆಂಪುಕಣಗಳು ದೊಡ್ಡದಾಗಿಯೂ, ಕೊಕ್ಕೆಹುಳುವಿನಿಂದ ಬಂದುದರಲ್ಲಿ ಕಬ್ಬಿಣಾಂಶ ಕಡಿಮೆಯಾಗಿ ಕಣಗಳು ಚಿಕ್ಕದಾಗಿಯೂ ಇರುತ್ತವೆ. ಎರಡೂ ಒಟ್ಟಿಗಿದ್ದರೆ ಸರಾಸರಿ ಅಳತೆ ಸಹಜದಂತೆ ತೋರಿ ದಾರಿ ತಪ್ಪಿಸುತ್ತದೆ.

ಭೇದಿಯ ವಿಷಯದಲ್ಲಿಯೂ ಹೀಗೆಯೇ. ಸಿಡಿ4 ಸಂಖ್ಯೆ 200ಕ್ಕಿಂತ ಕೆಳಗಿಳಿದವರಲ್ಲಿ ವಾರಗಟ್ಟಲೆ ನೀರಿನಂತೆ ಭೇದಿಯಾದರೆ ಅದಕ್ಕೆ ಕಾರಣ ಬಹುಮಟ್ಟಿಗೆ ಹುಳುವಲ್ಲ, ಮೊದಲು ಹೇಳಿದ ಏಕಕೋಶ ಪರೋಪಜೀವಿಗಳು. ಸಿಸ್ಟೋಐಸೋಸ್ಪೋರಾ ಕೋ-ಟ್ರೈಮಾಕ್ಸಜೋಲ್‌ಗೆ ಮಣಿಯುತ್ತದೆ. ಕ್ರಿಪ್ಟೋಸ್ಪೋರಿಡಿಯಂ ಸಿಡಿ4 ಏರಿದಾಗ ಮಾತ್ರ ತೊಲಗುತ್ತದೆ. ಇಂಥ ರೋಗಿ ಔಷಧದಂಗಡಿಯಿಂದ ಜಂತಿನ ಗುಳಿಗೆ ತಂದು ನುಂಗಿ ಕಾಯುತ್ತ ಕುಳಿತರೆ ಕಳೆಯುವುದು ದಿನಗಳು ಮತ್ತು ದೇಹದ ನೀರು.

ರೋಗಪತ್ತೆ

ಮಲಪರೀಕ್ಷೆಯೇ ಮೂಲಾಧಾರ. ಗಾಜಿನ ಸ್ಲೈಡಿನ ಮೇಲೆ ಒಂದು ಕಡೆ ಲವಣದ್ರಾವಣ, ಇನ್ನೊಂದು ಕಡೆ ಅಯೋಡಿನ್ ಹನಿ ಹಾಕಿ, ಕಡ್ಡಿಯ ತುದಿಯಷ್ಟು ಮಲ ಕಲಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ದುಂಡುಹುಳುವಿನ ಮೊಟ್ಟೆ ಚಿನ್ನಕಂದು ಬಣ್ಣದ, ಹೊರಮೈ ಗುಬುಟುಗುಬುಟಾದ ಕಾಯಿಯಂತೆ ಕಾಣುತ್ತದೆ. ಚಾಟಿಹುಳುವಿನದು ಎರಡೂ ತುದಿಗೆ ಬಿರಡೆ ಹಾಕಿದ ಪೀಪಾಯಿಯಂತೆ. ಕೊಕ್ಕೆಹುಳುವಿನದು ಬಣ್ಣವಿಲ್ಲದ ತೆಳುಚಿಪ್ಪಿನೊಳಗೆ ನಾಲ್ಕೋ ಎಂಟೋ ಕೋಶಗಳು ಗುಂಪುಗೂಡಿದಂತೆ. ಮಾದರಿಯನ್ನು ಬೆಚ್ಚನೆಯ ಕಡೆ ಗಂಟೆಗಟ್ಟಲೆ ಇಟ್ಟರೆ ಕೊಕ್ಕೆಹುಳುವಿನ ಮೊಟ್ಟೆ ಬೆಳೆದು ಮರಿಯಾಗಿ, ಸ್ಟ್ರಾಂಗಿಲಾಯ್ಡಿಸ್ ಮರಿಯೆಂಬ ಭ್ರಮೆ ಹುಟ್ಟಿಸುತ್ತದೆ. ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಡಬ್ಬಿ ತರುವ ರೋಗಿಯ ಮಾದರಿಯ ಬಗ್ಗೆ ಪ್ರಯೋಗಾಲಯದವರು ಮೊದಲು ಕೇಳಬೇಕಾದ್ದು ಅದು ಎಷ್ಟು ಹೊತ್ತಿನದೆಂದು.

ಒಂದೇ ಮಾದರಿಯಲ್ಲಿ ಏನೂ ಕಾಣದಿದ್ದರೆ ಹುಳು ಇಲ್ಲವೆಂದು ತೀರ್ಮಾನಿಸಲಾಗದು. ಬೇರೆ ಬೇರೆ ದಿನಗಳ ಮೂರು ಮಾದರಿ ನೋಡುವುದು ರೂಢಿ. ಮೊಟ್ಟೆಗಳ ಎಣಿಕೆಗೆ ಕ್ಯಾಟೋ-ಕಾಟ್ಜ್ ವಿಧಾನ, ಸ್ಟ್ರಾಂಗಿಲಾಯ್ಡಿಸ್‌ಗೆ ಬೇರ್ಮನ್ ಮತ್ತು ಅಗರ್ ತಟ್ಟೆ ವಿಧಾನಗಳು, ಕ್ರಿಪ್ಟೋಸ್ಪೋರಿಡಿಯಂ, ಸಿಸ್ಟೋಐಸೋಸ್ಪೋರಾಗಳಿಗೆ ಆಮ್ಲನಿರೋಧಕ ಬಣ್ಣಲೇಪನ ಬಳಕೆಯಲ್ಲಿವೆ. ಇಯೊಸಿನೊಫಿಲ್ ಏರಿಕೆ ಸುಳಿವು ಕೊಡಬಹುದು, ಆದರೆ ಅದು ಇಲ್ಲವೆಂದ ಮಾತ್ರಕ್ಕೆ ಹುಳು ಇಲ್ಲವೆನ್ನಲಾಗದು.

ಚಿಕಿತ್ಸೆ

ಅಲ್ಬೆಂಡಜೋಲ್ 400 ಮಿಲಿಗ್ರಾಂನ ಒಂದೇ ಗುಳಿಗೆ ದುಂಡುಹುಳುವನ್ನು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ, ಕೊಕ್ಕೆಹುಳುವನ್ನು ಸುಮಾರು ಮುಕ್ಕಾಲು ಪಾಲು ಜನರಲ್ಲಿ ಹೋಗಲಾಡಿಸುತ್ತದೆ. ಚಾಟಿಹುಳುವಿಗೆ ಒಂದು ಗುಳಿಗೆ ಮೂವರಲ್ಲಿ ಒಬ್ಬರಿಗಷ್ಟೇ ಫಲಿಸುವುದರಿಂದ ಮೂರು ದಿನ ಕೊಡುತ್ತಾರೆ. ಲಾಡಿಹುಳುಗಳಿಗೆ ಪ್ರಾಜಿಕ್ವಾಂಟೆಲ್ ಬಳಸಲಾಗುತ್ತದೆ. ಸ್ಟ್ರಾಂಗಿಲಾಯ್ಡಿಸ್‌ಗೆ ಐವರ್ಮೆಕ್ಟಿನ್ ಉತ್ತಮ. ಪ್ರಮಾಣ ದೇಹತೂಕದ ಕಿಲೋಗ್ರಾಂಗೆ 200 ಮೈಕ್ರೋಗ್ರಾಂ. ಅಲ್ಬೆಂಡಜೋಲ್ ಅನ್ನು ಗರ್ಭದ ಮೊದಲ ಮೂರು ತಿಂಗಳಲ್ಲಿ ಕೊಡುವುದಿಲ್ಲ.

ಎಚ್‌ಐವಿಗೆ ಕೊಡುವ ವೈರಾಣುನಿಗ್ರಹ ಚಿಕಿತ್ಸೆಯನ್ನು ಎಆರ್‌ಟಿ ಎನ್ನುತ್ತಾರೆ. ಭಾರತದಲ್ಲಿ ಇಂದು ಹೆಚ್ಚಿನವರಿಗೆ ಸಿಗುವುದು ಟೆನೊಫೋವಿರ್, ಲ್ಯಾಮಿವುಡಿನ್ ಮತ್ತು ಡೊಲ್ಯುಟೆಗ್ರಾವಿರ್ ಕೂಡಿದ ದಿನಕ್ಕೊಂದು ಗುಳಿಗೆ. ಅಲ್ಬೆಂಡಜೋಲ್‌ನ ಒಂದು ಗುಳಿಗೆಗಾಗಿ ಇದನ್ನು ನಿಲ್ಲಿಸಬೇಕಾಗಿಲ್ಲ. ಹಳೆಯ ಕ್ರಮದ ಎಫಾವಿರೆಂಜ್ ಪ್ರಾಜಿಕ್ವಾಂಟೆಲ್‌ನ ಪ್ರಮಾಣವನ್ನು ರಕ್ತದಲ್ಲಿ ತಗ್ಗಿಸುತ್ತದೆ. ಗಮನದಿಂದ ತಪ್ಪಿಹೋಗುವ ತೊಡಕು ಹುಳುಮದ್ದಿನದಲ್ಲ, ಅದರ ಹಿಂದೆ ಬರುವ ಕಬ್ಬಿಣದ ಗುಳಿಗೆಯದು. ಕೊಕ್ಕೆಹುಳುವಿನಿಂದ ರಕ್ತ ಕಡಿಮೆಯಾದವರಿಗೆ ಕಬ್ಬಿಣಾಂಶದ ಗುಳಿಗೆ ಕೊಡುವುದು ವಾಡಿಕೆ. ಆ ಕಬ್ಬಿಣ ಡೊಲ್ಯುಟೆಗ್ರಾವಿರ್ ಅನ್ನು ಹೊಟ್ಟೆಯಲ್ಲೇ ಕಟ್ಟಿಹಾಕಿ ರಕ್ತಕ್ಕೆ ಸೇರದಂತೆ ಮಾಡುತ್ತದೆ. ಆದ್ದರಿಂದ ಎಆರ್‌ಟಿ ಗುಳಿಗೆಯನ್ನು ಕಬ್ಬಿಣದ ಗುಳಿಗೆಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ತೆಗೆದುಕೊಳ್ಳಬೇಕು. ಊಟದೊಡನೆಯಾದರೆ ಎರಡನ್ನೂ ಕೂಡಿ ನುಂಗಬಹುದು.

ನೀಲಗುಂದ ಸೀಮೆ

ಹುಳು ಮತ್ತು ಎಚ್‌ಐವಿ ಒಂದೇ ಸೀಮೆಯಲ್ಲಿ ಹೇಗೆ ಕೂಡುತ್ತವೆ ಎಂಬುದಕ್ಕೆ ನೀಲಗುಂದದ ಸುತ್ತಣ ಪ್ರದೇಶ ಒಂದು ನಿದರ್ಶನ. ನೀಲಗುಂದವು ಹರಪನಹಳ್ಳಿ ತಾಲ್ಲೂಕಿನ ಗ್ರಾಮ. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಮತ್ತು ಹೂವಿನಹಡಗಲಿ ತಾಲ್ಲೂಕುಗಳು 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗೆ ಸೇರಿವೆ. ಜೋಳ, ಮೆಕ್ಕೆಜೋಳ, ಶೇಂಗಾ, ಉಳ್ಳಾಗಡ್ಡಿ ಬೆಳೆಯುವ ಈ ಒಣಬೇಸಾಯದ ನೆಲದಲ್ಲಿ ಬೇಸಗೆಯ ಬಿಸಿಲಿಗೆ ಕೊಕ್ಕೆಹುಳುವಿನ ಮರಿ ಬದುಕುವುದು ಕಷ್ಟ. ತುಂಗಭದ್ರೆಯ ಹಿನ್ನೀರಿನ ಅಂಚು, ನೀರಾವರಿ ಗದ್ದೆ, ಕೆರೆಯ ಹಿಂದಿನ ತೋಟಗಳಂಥ ತೇವದ ತಾಣಗಳಲ್ಲಿ ಮತ್ತು ಮಳೆಗಾಲದಲ್ಲಿ ಅದಕ್ಕೆ ಅವಕಾಶ ಸಿಗುತ್ತದೆ.

ಆದರೆ ಈ ಸೀಮೆಯ ಜನರ ಕಾಲು ಈ ಸೀಮೆಯಲ್ಲೇ ನಿಲ್ಲುವುದಿಲ್ಲ. ಸುಗ್ಗಿ ಮುಗಿದ ಮೇಲೆ ಹಳ್ಳಿಗಳಿಂದ, ಲಂಬಾಣಿ ತಾಂಡಾಗಳಿಂದ ಸಂಸಾರ ಸಮೇತ ಕಾಫಿ ತೋಟಗಳಿಗೆ, ಕಬ್ಬು ಕಡಿಯಲು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವುದನ್ನು ಇಲ್ಲಿ ‘ಗುಳೆ ಹೋಗುವುದು’ ಎನ್ನುತ್ತಾರೆ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳ ನೆರಳು, ಮಳೆ, ಎಲೆಗೊಬ್ಬರದ ಮಣ್ಣು ಕೊಕ್ಕೆಹುಳುವಿಗೆ ಹೇಳಿ ಮಾಡಿಸಿದ ನೆಲ. ಅದೇ ಗುಳೆ ಎಚ್‌ಐವಿ ಚಿಕಿತ್ಸೆಗೂ ಅಡ್ಡ ಬರುತ್ತದೆ: ಗುಳಿಗೆ ಪಡೆಯುವ ಕೇಂದ್ರ ಊರಿನ ಕಡೆ, ಕೂಲಿ ನೂರಾರು ಕಿಲೋಮೀಟರ್ ಆಚೆ. ಒಂದೇ ಕಾರಣ ಹುಳುವನ್ನು ತರುವುದೂ, ಎಆರ್‌ಟಿಯನ್ನು ತಪ್ಪಿಸುವುದೂ ಉಂಟಾದ್ದರಿಂದ ಹೊರಡುವ ಮುನ್ನ ಹೆಚ್ಚು ತಿಂಗಳ ಗುಳಿಗೆ ಕೊಡುವ ಏರ್ಪಾಟು ಮತ್ತು ಮರಳಿದ ಮೇಲೆ ಮಲಪರೀಕ್ಷೆ, ಈ ಎರಡನ್ನೂ ಒಂದೇ ಎಳೆಯಲ್ಲಿ ನೋಡಬೇಕಾಗುತ್ತದೆ.

ಚಿಕಿತ್ಸಾವ್ಯವಸ್ಥೆಯಲ್ಲಿ ಬಳ್ಳಾರಿ ಜಿಲ್ಲೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಗಮನದಲ್ಲಿತ್ತು. ಸರ್ಕಾರಿ ಉಚಿತ ಎಆರ್‌ಟಿ 2004ರ ಏಪ್ರಿಲ್ 1ರಂದು ಆರಂಭವಾದ ಬಳಿಕ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಈ ಸೀಮೆಗೆ ಮುಖ್ಯ ಆಸರೆಯಾಯಿತು. ರಾಷ್ಟ್ರೀಯ ಅಂದಾಜಿನ ಪ್ರಕಾರ 2021ರಲ್ಲಿ ದೇಶದಲ್ಲಿ ಸುಮಾರು 24 ಲಕ್ಷ, ಕರ್ನಾಟಕದಲ್ಲಿ ಸುಮಾರು 2.7 ಲಕ್ಷ ಎಚ್‌ಐವಿ ಸೋಂಕಿತರಿದ್ದು, ರಾಜ್ಯವು ಮಹಾರಾಷ್ಟ್ರ ಮತ್ತು ಆಂಧ್ರಪ್ರದೇಶಗಳ ನಂತರದ ಸ್ಥಾನದಲ್ಲಿದೆ.

ತಡೆ ಮತ್ತು ಇಂದಿನ ಸ್ಥಿತಿ

ಶೌಚಾಲಯದ ಬಳಕೆ, ಚಪ್ಪಲಿ, ಕೈತೊಳೆಯುವಿಕೆ, ಕಾಯಿಸಿದ ನೀರು ಇವೇ ತಡೆಯ ಮೂಲ. ಸ್ವಚ್ಛ ಭಾರತ ಯೋಜನೆ 2014ರ ಅಕ್ಟೋಬರ್ 2ರಂದು ಆರಂಭವಾದ ಮೇಲೆ ಹಳ್ಳಿಗಳಲ್ಲಿ ಶೌಚಾಲಯಗಳು ಹೆಚ್ಚಿವೆ. ನೀರಿಲ್ಲದ ಕಡೆ ಚೊಂಬು ಹಿಡಿದು ಬಯಲಿಗೆ ಹೋಗುವ ರೂಢಿ ಪೂರ್ತಿ ನಿಂತಿಲ್ಲ.

ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ 2015ರ ಫೆಬ್ರವರಿಯಲ್ಲಿ ಆರಂಭವಾದಾಗ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಒಂದರಿಂದ ಹತ್ತೊಂಬತ್ತು ವರ್ಷದವರಿಗೆ ಅಂಗನವಾಡಿ ಮತ್ತು ಶಾಲೆಗಳಲ್ಲಿ ಅಲ್ಬೆಂಡಜೋಲ್ ಅಗಿಸಿ ನುಂಗಿಸಲಾಗುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಅರ್ಧ ಗುಳಿಗೆ. ಎಚ್‌ಐವಿ ಇರುವ ಮಗು ಕೂಡ ತರಗತಿಯ ಉಳಿದವರ ಸಾಲಿನಲ್ಲೇ ನಿಂತು ಇದನ್ನು ತೆಗೆದುಕೊಳ್ಳುತ್ತದೆ, ಅದಕ್ಕಾಗಿ ತನ್ನ ಸ್ಥಿತಿಯನ್ನು ಯಾರಿಗೂ ತಿಳಿಸಬೇಕಾಗಿಲ್ಲ. ಸೋಂಕಿನ ವಿಷಯದ ಗೋಪ್ಯತೆಯನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಹಕ್ಕಾಗಿಯೇ ರಕ್ಷಿಸುತ್ತದೆ.

ಹತ್ತೊಂಬತ್ತು ದಾಟಿದ ಹೆಚ್ಚಿನವರಿಗೆ ಇಂಥ ಸಾಲು ಇಲ್ಲ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನಂಥ ಜಿಲ್ಲೆಗಳಲ್ಲಿ ಆನೆಕಾಲು ರೋಗದ ಸಾಮೂಹಿಕ ಔಷಧ ಸೇವನೆಯ ಜೊತೆಗೆ ದೊಡ್ಡವರಿಗೂ ಅಲ್ಬೆಂಡಜೋಲ್ ದೊರಕಿದೆ. ವಿಜಯನಗರ ಜಿಲ್ಲೆಯ ವಯಸ್ಕ ಎಚ್‌ಐವಿ ಸೋಂಕಿತರಿಗೆ ಸರ್ಕಾರಿ ವ್ಯವಸ್ಥೆಯಲ್ಲಿ ಹುಳುಮದ್ದು ಸಿಗುವುದು ಬಹುಮಟ್ಟಿಗೆ ವೈದ್ಯರು ಪರೀಕ್ಷಿಸಿ ಬರೆದಾಗ. ದಕ್ಷಿಣ ಭಾರತದಲ್ಲಿ ಕೊಕ್ಕೆಹುಳುವೇ ಪ್ರಧಾನವೆಂದೂ, ಅದು ಮಕ್ಕಳಿಗಿಂತ ದೊಡ್ಡವರಲ್ಲಿ ಹೆಚ್ಚೆಂದೂ ತಮಿಳುನಾಡಿನ ವೆಲ್ಲೂರು ಮತ್ತು ಜವ್ವಾದು ಬೆಟ್ಟ ಪ್ರದೇಶದಲ್ಲಿ ನಡೆದ ಡಿವರ್ಮ್3 ಅಧ್ಯಯನ ತೋರಿಸಿದೆ. ಇಡೀ ಸಮುದಾಯಕ್ಕೆ ಮದ್ದು ಕೊಡುವುದರ ಫಲವನ್ನು ಅಳೆಯುವುದೇ ಅದರ ಉದ್ದೇಶವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2017ರ ಮಾರ್ಗಸೂಚಿಯಲ್ಲಿ ಮಕ್ಕಳು, ಹದಿಹರೆಯದ ಹುಡುಗಿಯರು, ಹೆರುವ ವಯಸ್ಸಿನ ಹೆಂಗಸರು ಮತ್ತು ಮೊದಲ ಮೂರು ತಿಂಗಳು ಕಳೆದ ಗರ್ಭಿಣಿಯರನ್ನು ಗುರಿಗುಂಪುಗಳಾಗಿ ಹೆಸರಿಸಿತು. 2024ರಲ್ಲಿ ಸ್ಟ್ರಾಂಗಿಲಾಯ್ಡಿಸ್ ಹೆಚ್ಚಿರುವ ಕಡೆ ಐದು ವರ್ಷ ಮೇಲ್ಪಟ್ಟ ಎಲ್ಲರಿಗೂ ಐವರ್ಮೆಕ್ಟಿನ್ ಕೊಡಲು ಶಿಫಾರಸು ಮಾಡಿತು. ಎಚ್‌ಐವಿ ಸೋಂಕಿತ ವಯಸ್ಕರು ಈ ಎರಡರಲ್ಲಿಯೂ ಪ್ರತ್ಯೇಕ ಗುರಿಗುಂಪಾಗಿಲ್ಲ.